ಬೀಗರ ಎದುರಿಗೆ ಕೇಳಿದ ಪ್ರಶ್ನೆ

ಮಧ್ಯಾಹ್ನ ಮೂರೂ ಇಪ್ಪತ್ತಕ್ಕೆ ನಮ್ಮ ಗಾಡಿ ವಲಾಂಡಿ ದಾಟುತ್ತಿದ್ದಾಗ ತಂಗಿ ನನ್ನ ಮೊಣಕೈ ಹಿಡಿದು, “ಅಕ್ಕಾ, ಹೊಟ್ಟಿಯೊಳಗ ಏನೋ ಹರದಂಗಾತು” ಅಂದಳು. ಗಾಡಿಯ ಗಡಿಯಾರ ನನ್ನ ಕಣ್ಣೆದುರೇ ಇತ್ತು. ಅದಕ್ಕೇ ಹೊತ್ತು ಅಷ್ಟು ಸರಿಯಾಗಿ ನೆನಪಿದೆ.

ಉದಗೀರದಲ್ಲಿ ಅವಳ ಅತ್ತೆಯ ಮನೆಯಲ್ಲಿ ಏಳು ತಿಂಗಳ ಕುಬಸ, ಅಂದರೆ ಸೀಮಂತ, ಮುಗಿಸಿಕೊಂಡು, ಬಾಣಂತನಕ್ಕೆ ಅವಳನ್ನು ಉಮರಗಾಕ್ಕೆ ಕರೆತರುತ್ತಿದ್ದೆವು. ಅವಳ ಗಂಡ ಗಾಡಿ ನಡೆಸುತ್ತಿದ್ದ. ಸೊಸೆಯನ್ನು ಬಿಟ್ಟುಬರಲು ಹೊರಟ ಅತ್ತೆ ಮುಂದಿನ ಸೀಟಿನಲ್ಲಿದ್ದರು. ಹಿಂದೆ ಅವ್ವ, ತಂಗಿ, ನಾನು.

ಬೆಳಿಗ್ಗೆ ಬಳೆಗಾರ ಹಸಿರು ಬಳೆ ಇಡುವಾಗ ಮನೆಯೆಲ್ಲ ನಕ್ಕಿತ್ತು. ಅವ್ವನ ತವರಿನ ಕಡೆಯ ಹೆಣ್ಣುಮಕ್ಕಳ ಕೈ ವಿಪರೀತ ಮೆತ್ತಗೆ. ಹೆಬ್ಬೆರಳು ಅಂಗೈಯೊಳಗೆ ಮಡಚಿಕೊಂಡುಬಿಡುತ್ತದೆ. ಸಣ್ಣ ಹುಡುಗಿಯರ ಅಳತೆಯ ಬಳೆ ಸಲೀಸಾಗಿ ಏರುತ್ತದೆ.

“ಬಾಯಾರ, ನಿಮ್ಮ ಸೊಸಿ ಕೈಯಾಗ ಎಲುಬು ಅದಾವೋ ಇಲ್ಲೋ?” ಅಂದಿದ್ದ ಬಳೆಗಾರ.

“ಆ ಕೈ ನೋಡೇ ತಂದೀನಪಾ. ನಿನಗೇನ ಗೊತ್ತು, ಒರಟ ಕೈಯಾಂವಗ” ಅಂದಿದ್ದರು ಅತ್ತೆ.

ಅದು ನಿಜವೇ. ಹೆಣ್ಣು ನೋಡಲು ಬಂದ ದಿನ ಅವರು ತಂಗಿಯ ಕೈ ಹಿಡಿದು ನೋಡಿಯೇ ಒಪ್ಪಿದ್ದರು. ಚರ್ಮ ಎಷ್ಟು ತೆಳುವೆಂದರೆ ಕೆಳಗಿನ ನೀಲಿ ನರಗಳು ಕಾಣುತ್ತಿದ್ದವು. ಸ್ವಲ್ಪ ತಾಗಿದರೂ ಕಂದುಗಟ್ಟುತ್ತಿತ್ತು. ನಾವು ಅದನ್ನು ನಾಜೂಕು ಅನ್ನುತ್ತಿದ್ದೆವು. ಜೂನಿಯರ್ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ನಾನೂ ಹಾಗೇ ಅನ್ನುತ್ತಿದ್ದೆ. ಅನುವಂಶೀಯತೆ ಎಂದರೆ ನನಗೆ ಕರಿಹಲಗೆಯ ಮೇಲಿನ ಬಟಾಣಿ ಗಿಡಗಳಷ್ಟೇ ಆಗಿತ್ತು.

ಗಾಡಿಯಲ್ಲಿ ಅವ್ವ ಗ್ಯಾಸ್ ಎಂದುಕೊಂಡು ಅಜವಾನ ತಿನ್ನಿಸಿದಳು. “ಬ್ಯಾಡ ಅಂದ್ರೂ ಮೂರನೇ ಹೋಳಿಗಿ ಹಾಕಿದೆ, ನಂದೇ ತಪ್ಪು” ಅಂದರು ಅತ್ತೆ. ತಂಗಿ ಅವರ ಕಡೆ ನೋಡಿ ನಗಲು ಹೋದಳು, ಆಗಲಿಲ್ಲ. ನಿಲಂಗಾ ಬರುವಷ್ಟರಲ್ಲಿ ಅವಳ ಹಣೆ ತಣ್ಣಗಾಗಿ ಬೆವರುತ್ತಿತ್ತು. ಮೊದಲು ಕಂಡ ಹೆರಿಗೆ ಆಸ್ಪತ್ರೆಗೆ ನುಗ್ಗಿದೆವು.

ಡಾಕ್ಟರ್ ಮರಾಠಿ ಮಾತಾಡುವ ನಡುವಯಸ್ಸಿನ ಹೆಂಗಸು. ಸೋನೋಗ್ರಫಿ ಮಾಡಿ, ಹೊಟ್ಟೆಯೊಳಗೆ ರಕ್ತ ಕಟ್ಟಿಕೊಂಡಿದೆ, ಮಗುವಿನ ಎದೆಬಡಿತ ಸದ್ಯಕ್ಕೆ ಸರಿಯಿದೆ, ಈಗಲೇ ಆಪರೇಷನ್ ಆಗಬೇಕು ಅಂದರು. ಹೊರಟವರು ತಂಗಿಯ ಮುಂಗೈ ನೋಡಿ ನಿಂತರು. ಬಳೆ ಉಜ್ಜಿದಲ್ಲೆಲ್ಲ ಕಂದು ಗುರುತು. ಹೆಬ್ಬೆರಳನ್ನು ಹಿಂದಕ್ಕೆ ಬಾಗಿಸಿ ನೋಡಿದರು. ಕುತ್ತಿಗೆಯ ಕೆಳಗಿನ ನರಗಳನ್ನು ನೋಡಿದರು. ಆಮೇಲೆ ಅವ್ವನ ಕಡೆ ತಿರುಗಿ ಕೇಳಿದರು: ನಿಮ್ಮ ಮನೆತನದಲ್ಲಿ ಚಿಕ್ಕ ವಯಸ್ಸಿಗೇ ದಿಢೀರನೆ ಯಾರಾದರೂ ತೀರಿಕೊಂಡಿದ್ದಾರಾ? ಹೆರಿಗೆಯಲ್ಲಿ ಯಾರಾದರೂ?

ಅತ್ತೆ ಮಂಚದ ಸರಳು ಹಿಡಿದು ನಿಂತಿದ್ದರು. ತಂಗಿಯ ಗಂಡ ಬಾಗಿಲಲ್ಲಿದ್ದ.

“ತಸಂ ಕಾಹೀ ನಾಹೀ, ಡಾಕ್ಟರ್” ಅಂದಳು ಅವ್ವ. ಹಾಗೇನೂ ಇಲ್ಲ, ಎಲ್ಲರೂ ಗಟ್ಟಿಮುಟ್ಟು ಎಂದು ಮರಾಠಿಯಲ್ಲೇ ಮುಂದುವರಿಸಿದಳು.

ಅವ್ವನ ತಂಗಿ, ನಮ್ಮ ಸಣ್ಣವ್ವ, ಹೆರಿಗೆಯಲ್ಲಿ ರಕ್ತ ನಿಲ್ಲದೆ ಸತ್ತಿದ್ದಳು. ಯೆಣೆಗೂರಿನ ಸೋದರಮಾವ ಊಟಕ್ಕೆ ಕೂತವನು ಹೊಟ್ಟೆ ಹಿಡಿದುಕೊಂಡು ಒರಗಿದ್ದ; ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು. ಹೊರಗಿನವರಿಗೆ ಸಣ್ಣವ್ವನದು ಕಾಮಾಲೆ, ಮಾವನದು ಹಾರ್ಟ್ ಅಟ್ಯಾಕ್. ರಕ್ತದಲ್ಲಿ ದೋಷವಿದೆ ಅಂತಾದರೆ ಆ ಮನೆಯ ಹೆಣ್ಣುಮಕ್ಕಳನ್ನು ಯಾರು ತರುತ್ತಾರೆ? ಅಷ್ಟೇ ಲೆಕ್ಕ.

ಅವ್ವ ನನ್ನ ಕಡೆ ನೋಡಿದಳು. ನಾನು ಅತ್ತೆಯ ಕಡೆ ನೋಡಿದೆ. ಇದೇ ಗಳಿಗೆ ನನ್ನ ತಲೆಯಲ್ಲಿ ಇವತ್ತಿಗೂ ತಿರುತಿರುಗಿ ಬರುತ್ತದೆ. ತುಟಿ ಬೆಳ್ಳಗಾಗಿ ಮಲಗಿದ್ದವಳು ನನ್ನ ತಂಗಿ, ನಾನು ನೋಡಿದ್ದು ಅವಳ ಅತ್ತೆಯ ಮುಖವನ್ನು. ಬೀಗರ ವ್ಯಾಪಾರ ನಡೆಯುವ ಉದಗೀರದ ಅಡತಿ ಬಜಾರಿನಲ್ಲಿ ಜನ ಏನನ್ನುತ್ತಾರೆ ಎಂದು ಯೋಚಿಸುತ್ತಿದ್ದೆ. ಡಾಕ್ಟರ್ ತಲೆಯಾಡಿಸಿ ಆಪರೇಷನ್ ಕೋಣೆಯ ಕಡೆ ನಡೆದರು. ನರ್ಸ್ ಸಲಾಯಿನ್ ಹಚ್ಚಿದಳು.

ಕಣ್ಣು ತೆರೆಯದೆಯೇ ತಂಗಿ ಅಂದಳು, “ಅಕ್ಕಾ, ಸಣ್ಣವ್ವಂದು ಹೇಳ ಅವರಿಗೆ.”

ಎಲ್ಲರಿಗೂ ಕೇಳಿಸಿತು. ಆಗ ಓಡಿದೆ.

ಡಾಕ್ಟರ್ ಕೈ ತೊಳೆಯುತ್ತಿದ್ದರು. ಎರಡೂ ಸಾವುಗಳನ್ನು ಹೇಳಿದೆ. ಅವರು ನಲ್ಲಿ ನಿಲ್ಲಿಸಿ, ಇದನ್ನು ಆಗಲೇ ಯಾಕೆ ಹೇಳಲಿಲ್ಲ ಎಂದು ಕೇಳಿದರು. ಇವಳ ರಕ್ತನಾಳಗಳೇ ತೆಳುವಿರಬೇಕು, ಇಲ್ಲಿ ಹೊಟ್ಟೆ ತೆರೆದರೆ ಕಷ್ಟ ಅನ್ನುತ್ತಲೇ ಫೋನ್ ತೆಗೆದುಕೊಂಡರು. ರಕ್ತನಾಳಗಳ ಆಪರೇಷನ್ ಮಾಡುವವರಿರುವ ದೊಡ್ಡ ಆಸ್ಪತ್ರೆಗೆ ಮಾತಾಡಿ, ರಕ್ತದ ಬಾಟಲಿ ಏರಿಸಿ, ಆಂಬ್ಯುಲೆನ್ಸಿನಲ್ಲಿ ತಾವೇ ಕೂತರು.

ಅಲ್ಲಿ ಮಗುವನ್ನು ತೆಗೆದರು, ಹೆಣ್ಣು. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು. ತಂಗಿಯ ಹೊಟ್ಟೆಯಲ್ಲಿ ಒಡೆದಿದ್ದ ರಕ್ತನಾಳವನ್ನು ಕಟ್ಟಿದರು. ಸರ್ಜನ್ ಹೊರಗೆ ಬಂದು, ಒದ್ದೆ ಕಾಗದಕ್ಕೆ ಹೊಲಿಗೆ ಹಾಕಿದ ಹಾಗಿತ್ತು ಅಂದರು. ಮೊದಲೇ ಗೊತ್ತಿದ್ದುದರಿಂದ ಕೈ ಹಗುರ ಇಟ್ಟೆವು, ಗೊತ್ತಿಲ್ಲದೆ ಎಂದಿನಂತೆ ದಾರ ಎಳೆದಿದ್ದರೆ ನಾಳ ಹರಿದೇಹೋಗುತ್ತಿತ್ತು ಅಂದರು.

ಅತ್ತೆಯ ಬೈಗುಳಕ್ಕೆ ನಾನು ಸಿದ್ಧಳಾಗಿದ್ದೆ. ಅವರು ಅವ್ವನನ್ನು ಬಿಟ್ಟು ನನ್ನ ಪಕ್ಕ ಬಂದು ಕೂತರು.

“ನೀ ಕಾಲೇಜಿನಾಗ ಕಲಸಾಕಿ. ನನ್ನ ಮುಂದ ಹೇಳಾಕ ನಾಚಿಕಿ ಬಂದಿದ್ರ, ‘ಅತ್ತಿ, ಜರಾ ಹೊರಗ ಹೋಗ್ರಿ’ ಅನ್ನಬೇಕಿಲ್ಲೋ? ನಾ ಹೋಗತಿದ್ದಿಲ್ಲೇನು?”

ಅಷ್ಟು ಸಣ್ಣ ಮಾತು. ಅದು ನನಗೆ ಹೊಳೆದೇ ಇರಲಿಲ್ಲ.

ತಂಗಿಯ ರಕ್ತ ದೂರದ ಊರಿನ ಒಂದು ಪ್ರಯೋಗಾಲಯಕ್ಕೆ ಹೋಯಿತು. ಅಲ್ಲಿ ಕೊಲಾಜೆನ್ ವಂಶವಾಹಿಗಳ ಮೇಲೆ ಸಂಶೋಧನೆ ಮಾಡುವ ಹೆಂಗಸೊಬ್ಬರು ಫೋನಿನಲ್ಲಿ ಸಾವಧಾನವಾಗಿ ತಿಳಿಸಿದರು. ರಕ್ತನಾಳ, ಕರುಳು, ಗರ್ಭಕೋಶದ ಗೋಡೆಗಳನ್ನು ಹಿಡಿದಿಡುವ ಒಂದು ಬಗೆಯ ಕೊಲಾಜೆನ್ ಇದೆ. ಅದರ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರ ಬದಲಾಗಿದೆ. ತಂದೆಗೋ ತಾಯಿಗೋ ಇದ್ದರೆ, ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಅವ್ವನ ರಕ್ತದಲ್ಲೂ ಅದು ಸಿಕ್ಕಿತು. ನನ್ನದರಲ್ಲಿ ಇರಲಿಲ್ಲ. ಅದನ್ನು ಕೇಳಿ ಎದೆ ಹಗುರಾಯಿತು. ಹಾಗೆ ಹಗುರಾದದ್ದಕ್ಕೂ ನಾಚಿಕೆಯಾಯಿತು. ಮಗುವಿನ ಪರೀಕ್ಷೆ ಮುಂದೆ ನೋಡೋಣ, ಈಗ ಮನೆತನದಲ್ಲಿ ಇನ್ನೂ ಯಾರಿದ್ದಾರೆ ಹೇಳಿ, ಎಂದು ಆ ಸಂಶೋಧಕಿ ಕೇಳಿದರು.

ಸತ್ತ ಸೋದರಮಾವನ ಮಗಳಿದ್ದಳು, ಯೆಣೆಗೂರಿನಲ್ಲಿ. ಅವಳಿಗೆ ಗಂಡು ಗೊತ್ತುಮಾಡುತ್ತಿದ್ದರು.

ತಂಗಿ, ಮಗು ಉಮರಗಾಕ್ಕೆ ಬಂದ ಮೇಲೂ ಅವ್ವನಿಗೂ ನನಗೂ ನಿದ್ದೆ ಹತ್ತಲಿಲ್ಲ. ಒಬ್ಬರಾದ ಮೇಲೊಬ್ಬರು ಎದ್ದು ತಂಗಿಯ ಮೂಗಿನ ಹತ್ತಿರ ಕೈ ಹಿಡಿಯುತ್ತಿದ್ದೆವು. “ತಾಯಿ ಮಗಳು ಪಾಳಿ ಹಚ್ಚೀರೇನ? ಉಸರ ಅದ, ಮಲಕೋರಿ” ಅಂತ ಅವಳೇ ಗದರುತ್ತಿದ್ದಳು.

ಒಂದು ಬೆಳಿಗ್ಗೆ ಅವ್ವ ಸೀರೆ ಉಟ್ಟು ನಿಂತು, “ಇವತ್ತ ಯೆಣೆಗೂರಿಗೆ ಗಂಡಿನೋರು ಮಾತಿಗೆ ಬರತಾರ. ನಡಿ” ಅಂದಳು. ಅವರು ಹೋದ ಮೇಲೆ ಹೋಗೋಣ ಅಂದೆ, ಇಷ್ಟೆಲ್ಲ ಆದ ಮೇಲೂ. “ಅವರಿದ್ದಾಗೇ” ಅಂದಳು. ಲಾಲ್ ಗಾಡಿ ಅನ್ನುವ ಕೆಂಪು ಸರ್ಕಾರಿ ಬಸ್ಸಿನಲ್ಲಿ ಹೋದೆವು.

ನಾವು ಒಳಗೆ ಹೋದಾಗ ಗಂಡಿನವರಿಗೆ ಚಹಾ, ಚೂಡಾ ಹಂಚುತ್ತಿದ್ದರು. ಅವ್ವ ಕೂರಲೇ ಇಲ್ಲ. “ನಮ್ಮಣ್ಣ ಹಾರ್ಟಿನಿಂದ ಸತ್ತಿಲ್ಲರೀ. ಒಳಗ ನರ ಒಡದು ಸತ್ತಾನ. ನನ್ನ ತಂಗಿನೂ ಹಂಗೇ. ನನ್ನ ರಕ್ತದಾಗೂ ಅದ. ಲಗ್ನಕ್ಕಿಂತ ಮೊದಲ ಈ ಹುಡುಗಿದು ತಪಾಸಣಿ ಆಗಲಿ. ಗೊತ್ತಿದ್ರ ಡಾಕ್ಟರ್ ಉಳಸಾಕ ನೋಡತಾರ, ಗೊತ್ತಿಲ್ಲಂದ್ರ ಬಾಣಂತನದಾಗ ಹೋಗತಾಳ.”

ಮಾವನ ಹೆಂಡತಿ ತಟ್ಟೆ ಕೆಳಗಿಟ್ಟಳು. “ನಿನ್ನ ಮಗಳ ಲಗ್ನದಾಗ ಬಾಯಿ ಮುಚಗೊಂಡು ಕುಂತಿದ್ದಿ. ನನ್ನ ಮಗಳ ಪಾಳಿಗೆ ಬಾಯಿ ಬಂತೇನ ನಿನಗ?”

“ಹೌದು ವೈನಿ, ಮುಚಗೊಂಡಿದ್ದೆ” ಅಂದಳು ಅವ್ವ.

ಗಂಡಿನವರು ವಿಚಾರ ಮಾಡಿ ತಿಳಿಸುತ್ತೇವೆಂದು ಚಹಾ ಬಿಟ್ಟು ಎದ್ದರು. ಮಾವನ ಹೆಂಡತಿ ಗೋಡೆಗೆ ಮುಖ ಮಾಡಿ ಅತ್ತಳು. ಹುಡುಗಿ ಮಾತ್ರ ಬಾಗಿಲಲ್ಲಿ ನಿಂತೇ ಇದ್ದಳು. “ಅಕ್ಕಾ, ರಕ್ತ ಎಲ್ಲಿ ಕೊಡೂದು?” ಅಂದಳು. ಉಮರಗಾದಲ್ಲೇ ತೆಗೆದು ಕಳಿಸುತ್ತಾರೆ ಅಂದೆ. ಜರಿಸೀರೆ ಬದಲಿಸಿ, ತಾಯಿಗೆ ಹೇಳಿ, ನಮ್ಮ ಜೊತೆಗೇ ಬಸ್ಸು ಹತ್ತಿದಳು.

ಅವಳ ರಕ್ತ ಕೊಡಿಸಿ, ವಾಪಸು ಬಸ್ಸು ಹತ್ತಿಸಿ ಮನೆಗೆ ಬಂದೆವು. ಅದರಲ್ಲಿ ಏನು ಬರುತ್ತದೋ ಯಾರಿಗೂ ಗೊತ್ತಿರಲಿಲ್ಲ. ಆದರೂ ಅವತ್ತು ಮಲಗಿದ ಅವ್ವ, ನಾನು ಇಬ್ಬರೂ ನಡುವೆ ಏಳಲಿಲ್ಲ. ಕಣ್ಣು ಬಿಟ್ಟಾಗ ಅಂಗಳಕ್ಕೆ ಬಿಸಿಲು ಬಂದಿತ್ತು. ತಂಗಿ ಮಗುವಿಗೆ ಹಾಲು ಕುಡಿಸಿ, ನಮ್ಮನ್ನು ಎಬ್ಬಿಸದೆ ಬಾಗಿಲಲ್ಲಿ ಕೂತಿದ್ದಳು.