ಹಿಂದಿನ ಜೇಬಿನ ಕೋಲುಗಳು

ನನಗೆ ಮೂಗಿನ ತುದಿಯಲ್ಲೇ ಕೋಪ. ಆ ಕೋಪ ಇಲ್ಲದಿದ್ದರೆ ಈ ವಯಸ್ಸಿನಲ್ಲಿ ನಾನು ಮತ್ತೆ ಡ್ರಮ್ ಮುಟ್ಟುತ್ತಲೇ ಇರಲಿಲ್ಲ.

ಬಹರೈನಿನಲ್ಲಿ ನನ್ನದು ಏಸಿ ರಿಪೇರಿ ಕಂಪನಿಯಲ್ಲಿ ಸೂಪರ್‌ವೈಸರ್ ಕೆಲಸ. ಕಳೆದ ವರ್ಷ ಬುದಯ್ಯದ ಒಂದು ವಿಲ್ಲಾಕ್ಕೆ ಕಂಪ್ಲೇಂಟ್ ನೋಡಲು ಹೋಗಿದ್ದಾಗ ಪಕ್ಕದ ಗ್ಯಾರೇಜಿನಿಂದ ಬ್ಯಾಂಡಿನ ಸದ್ದು ಕೇಳಿತು. ಟ್ರಂಪೆಟ್, ಕ್ಲಾರಿಯೊನೆಟ್, ದೊಡ್ಡ ಡ್ರಮ್ ಎಲ್ಲ ಸರಿಯಾಗಿಯೇ ಇತ್ತು. ಸೈಡ್ ಡ್ರಮ್ಮಿನವನು ಮಾತ್ರ ರವೆ ಜರಡಿ ಹಿಡಿದ ಹಾಗೆ ಬಾರಿಸುತ್ತಿದ್ದ. ಹತ್ತು ನಿಮಿಷ ಹಲ್ಲು ಕಚ್ಚಿ ಸಹಿಸಿಕೊಂಡೆ. ಆಮೇಲೆ ಸ್ಕ್ರೂಡ್ರೈವರ್ ಹಿಡಿದುಕೊಂಡೇ ಒಳಗೆ ನುಗ್ಗಿ, ಡ್ರಮ್ಮಿನ ಅಡಿಯ ತಂತಿ ಸಡಿಲಾಗಿದೆ ಎಂದು ಹೇಳಿ, ಯಾರ ಅಪ್ಪಣೆಗೂ ಕಾಯದೆ ನಾನೇ ಬಿಗಿ ಮಾಡಿದೆ. ತಂಡದ ಮುಖ್ಯಸ್ಥ ಫಿಲಿಪೈನ್ಸಿನವನು, ಶಾಲೆಯಲ್ಲಿ ಸಂಗೀತ ಕಲಿಸುತ್ತಾನೆ, ಟ್ರಂಪೆಟ್ ಅವನದೇ. ಅವನು ಕೋಲುಗಳನ್ನು ನನ್ನ ಕೈಗೆ ಕೊಟ್ಟ. ಜರಡಿಯವನು ಬಚಾವಾದೆ ಎಂಬಂತೆ ಕಂಚಿನ ತಾಳಗಳ ಕಡೆಗೆ ಸರಿದ.

ಅವರು ಬಾರಿಸುತ್ತಿದ್ದದ್ದು ತೀರ ಹಳೆಯ ಜಾಝ್. ನೂರು ವರ್ಷಕ್ಕೂ ಹಿಂದೆ ಅಮೆರಿಕದ ದಕ್ಷಿಣದ ಬಂದರು ಪಟ್ಟಣವೊಂದರಲ್ಲಿ ಕಪ್ಪು ಜನ ಬೀದಿಯಲ್ಲಿ ನಡೆಯುತ್ತಾ ನುಡಿಸುತ್ತಿದ್ದದ್ದು. ಆಗಿನ ಡ್ರಮ್ಮಿನವನಿಗೆ ಕುರ್ಚಿ ಇರಲಿಲ್ಲ, ಡ್ರಮ್ಮನ್ನು ಕೊರಳಿಗೆ ನೇತುಹಾಕಿಕೊಂಡು ಹೋಗುತ್ತಿದ್ದ ಎಂದು ಮುಖ್ಯಸ್ಥ ದೊಡ್ಡ ಸುದ್ದಿಯ ಹಾಗೆ ಹೇಳಿದ. ನನಗೆ ನಗು ಬಂತು. ಮಂಗಳೂರಿನ ಕಡೆ ಎಂಟು ವರ್ಷ ನಾನು ಮಾಡಿದ್ದು ಅದನ್ನೇ. ಮದುವೆ, ಇಗರ್ಜಿಯ ಹಬ್ಬ, ಕ್ರಿಶ್ಚಿಯನ್ನರ ಶವಯಾತ್ರೆ, ಎಲ್ಲಿ ಕರೆದರೂ ನಮ್ಮ ಬ್ಯಾಂಡ್ ಸೆಟ್ ಹೋಗುತ್ತಿತ್ತು. ಇಲ್ಲಿರುವ ನಮ್ಮ ಊರಿನವರಿಗೆ ಇದು ಗೊತ್ತಿರಲಿಲ್ಲ, ನಾನಾಗಿ ಹೇಳಿರಲೂ ಇಲ್ಲ. ಮದುವೆ ಮನೆಯಲ್ಲಿ ಬ್ಯಾಂಡಿನವರಿಗೆ ಕೊನೆಯ ಪಂಕ್ತಿ, ಅದೂ ಹಿತ್ತಿಲಲ್ಲಿ. ಅದು ನನಗೆ ಮರೆತಿರಲಿಲ್ಲ.

ಶವಯಾತ್ರೆಗೆ ನಮ್ಮ ಬ್ಯಾಂಡ್ ಮಾಸ್ಟ್ರದ್ದು ಒಂದು ಕಟ್ಟುನಿಟ್ಟು ಇತ್ತು. ಹೋಗುವಾಗ ಡ್ರಮ್ಮಿನ ಮೇಲೆ ಬಟ್ಟೆ ಹಾಕಿ ನಿಧಾನವಾಗಿ ಬಾರಿಸಬೇಕು. ಗುಂಡಿಗೆ ಮಣ್ಣು ಬಿದ್ದ ಕೂಡಲೇ ಕೋಲುಗಳನ್ನು ಪ್ಯಾಂಟಿನ ಹಿಂದಿನ ಜೇಬಿಗೆ ಸಿಕ್ಕಿಸಬೇಕು. ವಾಪಸು ಬರುವಾಗ ಟಿಕ್ ಎನ್ನಬಾರದು. ಮನೆ ಮುಟ್ಟಿದ ಮೇಲೆ ಮಾಸ್ಟ್ರು ನನ್ನ ಜೇಬಿನಿಂದ ಕೋಲು ಎಳೆದು ಡ್ರಮ್ಮಿಗೆ ಒಂದೇ ಒಂದು ಪೆಟ್ಟು ಹಾಕುತ್ತಿದ್ದರು. ಅಲ್ಲಿಗೆ ಡ್ರಮ್ಮಿನ ಬಾಯಿ ಬಿಚ್ಚಿತು ಎಂದು ಲೆಕ್ಕ. ಆಮೇಲೆ ಎಲ್ಲರಿಗೂ ಚಾ.

ಜಾಝ್ ಬ್ಯಾಂಡಿನವರೂ ಶವಯಾತ್ರೆಗೆ ಹೋಗುವಾಗ ಹಾಗೆಯೇ, ಬಟ್ಟೆ ಹಾಕಿದ ಡ್ರಮ್ಮು, ನಿಧಾನದ ಹೆಜ್ಜೆ. ಆದರೆ ಬರುವಾಗ ಕುಣಿಯುತ್ತಾ ಬರುತ್ತಾರಂತೆ. ಆ ಕುಣಿತವನ್ನು ಡ್ರಮ್ಮಿನವನೇ ಶುರು ಮಾಡಬೇಕು. ಇದನ್ನು ಕೇಳಿ ನನಗೆ ಮೈ ಉರಿಯಿತು. ಸತ್ತವರ ಮನೆಯವರು ಏನೆಂದುಕೊಳ್ಳಬೇಕು?

ಆದರೂ ಕಲಿತೆ. ಬೇರೆ ಎಲ್ಲ ಹಾಡುಗಳೂ ಕೈಗೆ ಬಂದವು. ಈ ಶವಯಾತ್ರೆಯದು ಮಾತ್ರ ಬರಲಿಲ್ಲ. ನಿಧಾನದ ಭಾಗ ಮುಗಿದದ್ದೇ ತಡ, ಕೋಲುಗಳು ಹಿಂದಿನ ಜೇಬಿಗೆ ಹೋಗಿಬಿಡುತ್ತಿದ್ದವು. ಮೊದಲ ಸಲ ಎಲ್ಲರೂ ನಕ್ಕರು. ಮೂರನೆಯ ವಾರ ಯಾರೂ ನಗಲಿಲ್ಲ. ಬುದಯ್ಯದ ರೈತರ ಸಂತೆಯಲ್ಲಿ ನಮ್ಮ ಕಾರ್ಯಕ್ರಮ ನಿಗದಿಯಾಗಿತ್ತು. ಗೇಟಿನಿಂದ ಖರ್ಜೂರದ ಮರಗಳವರೆಗೆ ನಿಧಾನವಾಗಿ ಹೋಗಿ, ಅಲ್ಲಿಂದ ಕುಣಿಯುತ್ತಾ ಹಿಂದೆ ಬರುವುದು. ಮುಖ್ಯಸ್ಥ ನನ್ನನ್ನು ಪಕ್ಕಕ್ಕೆ ಕರೆದು, ಹಿಂದೆ ಬರುವುದೇ ಈ ಸಂಗೀತದ ಜೀವ, ಸಂತೆಯಲ್ಲೂ ಹೀಗಾದರೆ ಬೇರೆ ಡ್ರಮ್ಮಿನವನನ್ನು ನೋಡಬೇಕಾಗುತ್ತದೆ ಎಂದ. ಮೆತ್ತಗೇ ಹೇಳಿದ. ಅದಕ್ಕೇ ಹೆಚ್ಚು ನೋವಾಯಿತು. ಇಷ್ಟು ವರ್ಷಗಳ ಮೇಲೆ ಕೈಗೆ ಸಿಕ್ಕಿದ್ದನ್ನು ಕಳೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ.

ಸಂತೆಯ ದಿನ ಬೆಳಿಗ್ಗೆ ಪಕ್ಕದ ದ್ವೀಪದ ಅರಾದಿನಲ್ಲಿರುವ ನಮ್ಮ ಮನೆಯಿಂದ ಮಗಳೂ ಕಾರು ಹತ್ತಿದಳು. ಹದಿನಾಲ್ಕು ವರ್ಷ, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. ವಿಡಿಯೊ ಮಾಡಲಿಕ್ಕೆಂದು ಅವಳಮ್ಮ ಅಟ್ಟಿದ್ದಳು. ಮನೆಯಲ್ಲಿ ನಾನು ಗೊಣಗಿದ್ದು ಅವಳ ಕಿವಿಗೆ ಬಿದ್ದಿತ್ತು, ಪಪ್ಪನಿಗೆ ಅದೊಂದು ಜಾಗದಲ್ಲಿ ಮಾತ್ರ ಏನಾಗುತ್ತದೆ ಎಂದು ದಾರಿಯಲ್ಲಿ ಕೇಳಿದಳು. ಸೇತುವೆಯ ಮೇಲೆ ಹೋಗುತ್ತಾ ನಾನು ಮೊದಲ ಸಲ ಒಬ್ಬರಿಗೆ ಪೂರ್ತಿ ಹೇಳಿದೆ. ನಾನು ಕೊನೆಯದಾಗಿ ಬಾರಿಸಿದ್ದು ಮಾಸ್ಟ್ರ ಶವಯಾತ್ರೆಗೇ. ಮಣ್ಣು ಬಿತ್ತು, ಕೋಲುಗಳನ್ನು ಜೇಬಿಗೆ ಸಿಕ್ಕಿಸಿದೆ, ಮೌನವಾಗಿ ಅವರ ಮನೆಯವರೆಗೆ ನಡೆದೆವು. ಅಂಗಳದಲ್ಲಿ ನಿಂತ ಮೇಲೆ ಗೊತ್ತಾಯಿತು, ಆ ಒಂದು ಪೆಟ್ಟು ಹಾಕುವವರೇ ಇಲ್ಲ. ಯಾರಿಗೂ ಕೈ ಬರಲಿಲ್ಲ. ಮರುವಾರ ನನ್ನ ವೀಸಾ ಬಂತು, ವಿಮಾನ ಹತ್ತಿದೆ. ಇಪ್ಪತ್ತೆರಡು ವರ್ಷವಾಯಿತು.

ಮಗಳು ಕೈಯಲ್ಲಿದ್ದ ಫೋನ್ ಕೆಳಗಿಟ್ಟಳು. ಆ ಮಾಸ್ಟ್ರು ಜೋರಿನವರಾಗಿದ್ದರಾ ಎಂದು ಕೇಳಿದಳು. ತಾಳ ತಪ್ಪಿದರೆ ಚಪ್ಪಲಿ ಎಸೆಯುತ್ತಿದ್ದರು ಎಂದೆ. ನಕ್ಕಳು.

ಸಂತೆಯಲ್ಲಿ ಟೊಮೆಟೊ, ಮೂಲಂಗಿ, ಸೊಪ್ಪಿನ ಕಟ್ಟುಗಳ ನಡುವೆ ನಾವು ಹೊರಟೆವು. ಡ್ರಮ್ಮಿನ ಅಡಿಯ ತಂತಿ ಸಡಿಲಿಸಿ, ಮೇಲೆ ನನ್ನ ಕರ್ಚೀಫು ಹಾಸಿದ್ದೆ. ಜನ ದಾರಿ ಬಿಟ್ಟು ನಿಂತರು. ಮೂಲಂಗಿ ಮಾರುತ್ತಿದ್ದ ಬಹರೈನಿ ಅಜ್ಜ ಒಬ್ಬರು ನಮ್ಮ ಹೆಜ್ಜೆಗೆ ಹೆಜ್ಜೆ ಸೇರಿಸಿ ಸ್ವಲ್ಪ ದೂರ ಬಂದರು. ಮರಗಳ ಹತ್ತಿರ ಕೊನೆಯ ಸ್ವರ ಮುಗಿಯಿತು. ನನ್ನ ಕೋಲುಗಳು ಹಿಂದಿನ ಜೇಬಿನಲ್ಲಿದ್ದವು.

ಮುಖ್ಯಸ್ಥ ಟ್ರಂಪೆಟನ್ನು ಅರ್ಧಕ್ಕೆ ಎತ್ತಿ ನನ್ನನ್ನೇ ನೋಡುತ್ತಿದ್ದ. ಜನರೆಲ್ಲ ನೋಡುತ್ತಿದ್ದರು. ನನ್ನ ಕೈಗಳು ಏಳಲಿಲ್ಲ. ನನ್ನ ಮೇಲೆ ನನಗೇ ಕೋಪ ಬಂತು, ಆ ಕೋಪವೂ ಕೆಲಸಕ್ಕೆ ಬರಲಿಲ್ಲ. ಆಗ ಹಿಂದಿನಿಂದ ಯಾರೋ ನನ್ನ ಜೇಬಿಗೆ ಕೈ ಹಾಕಿದರು. ನೋಡಿದರೆ ಮಗಳು. ಕೋಲುಗಳನ್ನು ಎಳೆದು ಎದುರಿಗೆ ಬಂದು ನಿಂತಳು.

"ಇವತ್ತು ಯಾರೂ ಸತ್ತಿಲ್ಲ ಪಪ್ಪಾ," ಅಂದಳು, ಕನ್ನಡದಲ್ಲಿ. "ಮನೆಗೆ ಹೋಗುವ."

ಆಮೇಲೆ ಡ್ರಮ್ಮಿಗೆ ಒಂದು ಪೆಟ್ಟು ಹಾಕಿದಳು. ಕರ್ಚೀಫಿನ ಮೇಲೆ ಧಬ್ ಎಂದಿತು, ಅಷ್ಟೇ. ಕೋಲು ಹಿಡಿದದ್ದೂ ತಪ್ಪು, ಮಾಸ್ಟ್ರಾಗಿದ್ದರೆ ಖಂಡಿತ ಚಪ್ಪಲಿ ಬರುತ್ತಿತ್ತು.

ನನ್ನ ಕಣ್ಣು ತುಂಬಿತು. ಕರ್ಚೀಫು ತೆಗೆದು ಮುಖ ಒರೆಸಿಕೊಂಡೆ. ತಂತಿ ಬಿಗಿ ಮಾಡಿ, ಅವಳ ಕೈಯಿಂದ ಕೋಲು ತೆಗೆದುಕೊಂಡು ಬಾರಿಸಲು ಶುರು ಮಾಡಿದೆ. ಟ್ರಂಪೆಟ್ ಕೂಗಿತು, ಎಲ್ಲರೂ ತಿರುಗಿ ಗೇಟಿನ ಕಡೆ ಹೊರಟರು. ವಿಡಿಯೊದಲ್ಲಿ ಇದ್ಯಾವುದೂ ಇಲ್ಲ, ಬರೀ ನೆಲ ಮತ್ತು ಅವಳ ಶೂ. ಅವಳು ಕುಣಿಯುತ್ತಿದ್ದಾಳೆ.