ಹಾಡಿನ ನಡುವಿನ ಮಾತು

ಸಿದ್ದಕ್ಕ ಜರ್ಮನಿಯ ವೋಲ್ಫ್ಸ್‌ಬುರ್ಗಿಗೆ ಬಂದದ್ದು ಗಂಡ ಹಾಲಸಿದ್ದಪ್ಪನ ಗ್ರೀನ್ ಕಾರ್ಡಿನ ಬೆನ್ನು ಹತ್ತಿ. ಅವನಿಗೆ ಅಲ್ಲಿ ಕಂಪ್ಯೂಟರ್ ಕೆಲಸ. ಅವಳು ತಂದ ಗಂಟಿನಲ್ಲಿ ರೊಟ್ಟಿಯ ಹಂಚು, ಜೋಳದ ಹಿಟ್ಟು, ಜೊತೆಗೊಂದು ಕ್ಯಾಸೆಟ್ಟು. ಅದರಲ್ಲಿ ತಾಯಿ ಅಂಬವ್ವ ಹಾಡಿದ ಬೀಸುವ ಪದಗಳಿದ್ದವು. ಮರುವರ್ಷವೇ ಅಂಬವ್ವ ತೀರಿಕೊಂಡಳು. ಆ ದನಿ ಕೇಳದೆ ಸಿದ್ದಕ್ಕನ ಕೈ ರೊಟ್ಟಿ ಬಡಿಯಲೊಲ್ಲದು.

ಟೇಪು ಸವೆಯಿತೆಂದು ಹಾಲಸಿದ್ದಪ್ಪ ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿದ. ಹೊಟ್ಟು ತೂರಿ ಕಾಳು ರಾಶಿ ಮಾಡುವಂತೆ ಹಾಡುಗಳನ್ನು ಬೇರೆ ಬೇರೆಯಾಗಿ ಕತ್ತರಿಸಿಟ್ಟ. ನಡುನಡುವೆ ಅಂಬವ್ವ ಬೆಕ್ಕನ್ನು ಬೈದದ್ದು, ಮಗಳನ್ನು ಕರೆದದ್ದು ಎಲ್ಲ ಒಂದು ಕಡೆ ಗುಡ್ಡೆ ಹಾಕಿದ. ಆಮೇಲೊಂದು ದಿನ ಕ್ಯಾಸೆಟ್ಟು ಟೇಪ್‌ರೆಕಾರ್ಡರಿನಲ್ಲಿ ಸಿಕ್ಕಿ ಚೂರಾಯಿತು. ಇನ್ನು ಆ ದನಿಗೆ ಮೇಜಿನ ಕೆಳಗಿನ ಕಂಪ್ಯೂಟರ್ ಡಬ್ಬಿಯೇ ಮನೆ.

ದಸರೆಯ ಹೊತ್ತಿಗೆ ಡಬ್ಬಿಯೊಳಗಿನ ಹಾರ್ಡ್ ಡಿಸ್ಕು ಟಕ್ ಟಕ್ ಎಂದು ನರಳತೊಡಗಿತು.

"ಸಂಜಿಕ ಹೊಸಾದು ತಂದು ಎಲ್ಲಾ ಅದಕ್ಕ ಹಾಕತೇನಿ. ಅಲ್ಲೀತನಕ ಮುಟ್ಟಬ್ಯಾಡ," ಎಂದು ಹೇಳಿ ಹಾಲಸಿದ್ದಪ್ಪ ಅದನ್ನು ಚಾಲೂ ಬಿಟ್ಟೇ ಕೆಲಸಕ್ಕೆ ಹೋದ.

ಅಂದು ಆಯುಧಪೂಜೆ. ಸಿದ್ದಕ್ಕ ಈಳಿಗೆ, ಕತ್ತರಿ, ಗಂಡನ ಸ್ಕ್ರೂಡ್ರೈವರು ಎಲ್ಲಕ್ಕೂ ವಿಭೂತಿ ಹಚ್ಚಿದಳು. ಕಂಪ್ಯೂಟರಿಗೂ ಹಚ್ಚಿ ಹೂವಿಟ್ಟಳು. ಪೂಜೆಗೆ ಕೂತ ಆಯುಧ ಅಂದು ದುಡಿಯಬಾರದು. ಅವಳಪ್ಪ ಸೋಮವಾರ ಬಂತೆಂದರೆ ಹದ ಮೀರಿದರೂ ಎತ್ತಿನ ಹೆಗಲಿಗೆ ನೊಗ ಏರಿಸಿದವನಲ್ಲ. ಇದಂತೂ ಬ್ಯಾನೆ ಬಿದ್ದ ಎತ್ತು. ಒಂದು ದಿನವಾದರೂ ದಣಿವಾರಿಸಿಕೊಳ್ಳಲಿ ಎಂದು ಅದನ್ನು ಆರಿಸಿದಳು.

ಸಂಜೆ ಹಾಲಸಿದ್ದಪ್ಪ ಹೊಸ ಡಿಸ್ಕು ತಂದು ಗುಂಡಿ ಒತ್ತಿದರೆ ಹಳೆಯದು ತಿರುಗಲೇ ಇಲ್ಲ.

"ಯಾರು ಆರಿಸಿದ್ರು ಇದನ್ನ?"

"ನಾನ. ಪೂಜಿಗೆ ಕೂಡ್ರಿಸಿದ್ದೆ."

"ಕಂಪ್ಯೂಟರಿಗೂ ಸೂಟಿ ಕೊಟ್ಟೀ? ಕೆಟ್ಟ ಡಿಸ್ಕು ಒಮ್ಮೆ ನಿಂತರ ಮತ್ತ ಏಳೂದು ಕಠಿಣ."

"ಮುಟ್ಟಬ್ಯಾಡ ಅಂದ್ರಿ, ಖರೆ. ಆರಿಸಿದರ ಸಾಯತೈತಿ ಅಂತ ಹೇಳಿದ್ರೇನು?"

ಸಿದ್ದಕ್ಕ ತಿರುಗಿ ಗೋಡೆ ನೋಡುತ್ತ ಕೂತಳು. ಅವ್ವನನ್ನು ಇನ್ನೊಮ್ಮೆ, ಈ ಸಲ ತನ್ನ ಕೈಯಾರೆ, ಮಣ್ಣಿಗಿಟ್ಟಂತಾಗಿತ್ತು ಅವಳಿಗೆ.

ಸತ್ತ ಡಿಸ್ಕಿಗೆ ಥಂಡಿ ಕೊಟ್ಟರೆ ಒಮ್ಮೊಮ್ಮೆ ಏಳುತ್ತದೆಂದು ಹಾಲಸಿದ್ದಪ್ಪನಿಗೆ ಆಫೀಸಿನವರೊಬ್ಬರು ಹೇಳಿದ್ದರು. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಸುತ್ತಿ ಫ್ರೀಜರಿನಲ್ಲಿ ಕೊಬ್ಬರಿ ತುರಿಯ ಪಕ್ಕ ಇಟ್ಟ. ಬೆಳಿಗ್ಗೆ ತೆಗೆದು ಜೋಡಿಸಿದರೆ ಅದು ಗುರುಗುಟ್ಟುತ್ತ ತಿರುಗಿತು.

"ಭಾಳ ಹೊತ್ತು ಬಾಳೂದಿಲ್ಲ ಇದು. ಯಾವ ಹಾಡು ಮೊದಲ ತಗೀಲಿ, ಲಗೂ ಹೇಳು."

"ಹಾಡು ಬ್ಯಾಡ. ಗುಡ್ಡಿ ಹಾಕೀರಲ್ಲ, ಆ ಮಾತು ತಗೀರಿ."

"ಕಾಳು ಬಿಟ್ಟು ಹೊಟ್ಟು ಕಟ್ಟಿಕೋತಿಯೇನ?"

"ಹಾಡು ನನ್ನ ಬಾಯಾಗ ಅದಾವರಿ. ನನ್ನನ್ನ ನಾನ ಸಿದ್ದೀ ಅಂತ ಕರಕೊಳ್ಳಾಕ ಬರತದೇನು?"

ಅವನು ಆ ಗುಡ್ಡೆಯನ್ನೇ ಮೊದಲು ತೆಗೆದ. ಮಾತೆಲ್ಲ ಹೊಸ ಡಿಸ್ಕಿಗೆ ದಾಟಿತು. ಮೊದಲ ಹಾಡು ಅರ್ಧ ದಾಟುವಷ್ಟರಲ್ಲಿ ಹಳೆಯದು ಕಿರ್ರೆಂದು ನಿಂತಿತು, ಮತ್ತೆ ಏಳಲಿಲ್ಲ.

ಸಿದ್ದಕ್ಕ ಹಿಟ್ಟು ಕಲಸಿಟ್ಟು ಅವ್ವನ ಮಾತು ಹಚ್ಚಿದಳು. "ಸಿದ್ದೀ, ಬೆಕ್ಕು ಬಂತು ನೋಡಲೇ. ಹೂಂ, ಈಗ ಕೇಳು," ಎಂದಳು ಅಂಬವ್ವ. ಹಾಡು ಬರಬೇಕಾದಲ್ಲಿ ಕತ್ತರಿ ಬಿದ್ದ ಮೌನ. ಸಿದ್ದಕ್ಕನೇ ದನಿ ತೆಗೆದು, ರೊಟ್ಟಿ ಬಡಿಯುತ್ತ ಹಾಡಿದಳು. ಎರಡು ನುಡಿಯಾದ ಮೇಲೆ ಮುಂದಿನದು ನಾಲಗೆಗೆ ಬರಲಿಲ್ಲ. ಹಾಡು ಬಾಯಲ್ಲಿವೆ ಎಂದವಳ ಕೈ ಹಿಟ್ಟಿನ ಮೇಲೆ ನಿಂತುಬಿಟ್ಟಿತು.

ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಆ ಪದಗಳನ್ನು ಮತ್ತೆ ಮತ್ತೆ ಕೇಳಿ ಕತ್ತರಿಸಿದ್ದವನು ಹಾಲಸಿದ್ದಪ್ಪ. ಕೂತಲ್ಲಿಂದಲೇ ಒಡಕು ದನಿಯಲ್ಲಿ ಮುಂದಿನ ನುಡಿ ಎತ್ತಿಕೊಟ್ಟ.

"ರಾಗ ಕೆಡಸಬ್ಯಾಡ್ರಿ," ಎಂದಳು ಸಿದ್ದಕ್ಕ. ಕೈ ಮತ್ತೆ ರೊಟ್ಟಿ ಬಡಿಯತೊಡಗಿತು.