ಹಸಿ ಕೆಂಪು

ನಮ್ಮ ಚಿತ್ರ ಬರೆಯುವ ಹುಡುಗಿಯ ಅಕ್ಕ ರಸ್ತೆಯ ಮೂಲೆಯಲ್ಲಿ ಕೆಂಪು ಕೊಡೆಯ ಕೆಳಗೆ ಹೊಲಿಗೆ ಮೆಷಿನ್ ಇಟ್ಟುಕೊಂಡು ಹರಿದ ಬಟ್ಟೆ ಹೊಲಿಯುತ್ತಿದ್ದಳು. ಆ ದುಡಿಮೆಯಲ್ಲೇ ತಂಗಿ ಚಿತ್ರ ಬರೆಯಲು ಕಲಿತದ್ದು. ಅವಳ ಬೆನ್ನ ಹಿಂದೆ ಗಾಜಿನ ಕಟ್ಟಡ ಎದ್ದು ನಿಂತಾಗ, ಬಾಗಿಲ ಅಂದ ಕೆಡುತ್ತದೆಂದು ಬಿಲ್ಡರನ ಆಳುಗಳು ಕೊಡೆ ಮುರಿದರು, ಮೆಷಿನ್ ಎತ್ತಿ ಲಾರಿಗೆ ಒಗೆದರು. ಬೀದಿಯಲ್ಲಿ ದುಡಿಯುವ ನಮ್ಮ ಸಂಘಟನೆಯವರು ಗೇಟಿನ ಮುಂದೆ ಕೂತೆವು, ಗಂಟಲು ಹರಿಯುವ ಹಾಗೆ ಕೂಗಿದೆವು, ಏಟು ತಿಂದೆವು, ಎದ್ದು ಬಂದೆವು. ಮೆಷಿನ್ ಬರಲಿಲ್ಲ. ಅಕ್ಕ ಮನೆ ಸೇರಿದಳು. ಕೈಗೆ ಕೆಲಸವಿಲ್ಲ, ಕಾಲು ಮಾತ್ರ ಕೂತಲ್ಲೇ ಇಲ್ಲದ ಮೆಷಿನ್ ತುಳಿಯುತ್ತಿತ್ತು.

ತಂಗಿಯ ಕಸುಬು ಬೀದಿಗಳನ್ನು ಎಣ್ಣೆಬಣ್ಣದಲ್ಲಿ ಬರೆಯುವುದು. ನೇರ ಕ್ಯಾನ್ವಾಸಿಗೆ ಕೈ ಹಾಕುವವಳಲ್ಲ. ಮೊದಲು ಟ್ಯಾಬ್ ಮೇಲೆ ಗೀಚಬೇಕು: ಕಟ್ಟಡ ಒಂದು ಪದರ, ನೆರಳು ಒಂದು ಪದರ, ಜನ ಇನ್ನೊಂದು. ದೀಪದ ಕಂಬವನ್ನು ಎಡಕ್ಕೆ ಸರಿಸಿ ನೋಡುವುದು, ಬೆಳಗಿನ ಬಿಸಿಲನ್ನು ಸಂಜೆಗೆ ತಿರುಗಿಸುವುದು, ಎಲ್ಲ ಅಲ್ಲೇ.

ಅದೇ ಬಿಲ್ಡರ್ ತನ್ನ ಕಟ್ಟಡದ ಹಜಾರಕ್ಕೆ ಆ ಬೀದಿಯದೇ ದೊಡ್ಡ ಚಿತ್ರ ಬೇಕೆಂದು ಅವಳನ್ನು ಕರೆಸಿದ. ಯಾರ ತಂಗಿ ಅಂತ ಅವನಿಗೇನು ಗೊತ್ತು. ಇವಳು ಟ್ಯಾಬ್ ತೆರೆದು ತೋರಿಸಿದಳು.

“ಆ ಕೆಂಪು ಕೊಡೆ ಯಾಕಮ್ಮಾ? ತೆಗೀರಿ.”

ಬೆರಳು ತಾಗಿಸಿದಳು. ಕೊಡೆ, ಮೆಷಿನ್, ಅಕ್ಕ, ಒಟ್ಟಿಗೇ ಮಾಯ.

ಅವನು ಹೊಟ್ಟೆ ಕುಣಿಸಿ ನಕ್ಕ. “ನಿಜವಾಗ್ಲೂ ತೆಗೆಸೋಕೆ ಎಷ್ಟು ಗಲಾಟೆ ಆಯ್ತು ಗೊತ್ತಾ! ಇಲ್ಲಿ ನೋಡಿ, ಒಂದು ಬೆರಳು ಸಾಕು!”

“ಹೌದು ಸರ್,” ಅಂದಳು. ಹಲ್ಲು ಕಚ್ಚಿದ್ದು ಅವನಿಗೆ ಕಾಣಲಿಲ್ಲ.

ಮನೆಯಲ್ಲಿ ಅಕ್ಕ ಉರಿದುಬಿದ್ದಳು. “ಅವನ ಗೋಡೆ ಸಿಂಗಾರ ಮಾಡೋಕೆ ಹೋಗ್ತೀಯಾ? ನಾಚಿಕೆ ಇಲ್ವೇನೇ ನಿಂಗೆ?”

“ಬಯ್ಯೋದು ಆಮೇಲೆ ಬಯ್ಯಕ್ಕ. ಈಗ ಹೊಲಿಯೋ ಹಾಗೆ ಕೂತ್ಕೋ.”

ಎಣ್ಣೆಬಣ್ಣದವರಿಗೆ ಒಂದು ಕಟ್ಟಳೆಯಿದೆ. ಎಣ್ಣೆ ಹೆಚ್ಚಿರುವ ಬಣ್ಣ ನಿಧಾನಕ್ಕೆ ಒಣಗುತ್ತದೆ, ಟರ್ಪೆಂಟೈನ್ ಹಾಕಿ ತೆಳುಮಾಡಿದ್ದು ಬೇಗ ಒಣಗುತ್ತದೆ. ಆದ್ದರಿಂದ ತೆಳುವಾದದ್ದು ಕೆಳಗೆ, ಎಣ್ಣೆಯದು ಮೇಲೆ. ತಿರುಗುಮುರುಗು ಮಾಡಿದರೆ ಅಡಿಯಲ್ಲಿ ಹಸಿ ಹಾಗೇ ಉಳಿದು, ಮೇಲಿನದು ಒಣಗಿದ ಕೆರೆಯಂತೆ ಬಿರುಕು ಬಿಡುತ್ತದೆ. ಕಲಿಯುವಾಗ ಇವಳು ಈ ತಪ್ಪು ಮಾಡಿದ್ದಕ್ಕೆ ಮೇಷ್ಟ್ರು ಕ್ಯಾನ್ವಾಸನ್ನೇ ಕಿಟಕಿಯಿಂದಾಚೆ ಎಸೆದಿದ್ದರು.

ಈ ಸಲ ಆ ತಪ್ಪನ್ನು ಮನಸಾರೆ ಮಾಡಿದಳು. ಮೊದಲು ಅಕ್ಕನನ್ನು, ಮೆಷಿನನ್ನು, ಕೊಡೆಯನ್ನು ಬರೆದಳು. ಕೊಡೆಗೆ ಎಣ್ಣೆ ಸುರಿದು ಸುರಿದು ಕೆಂಪನ್ನು ಮೆತ್ತಿದಳು. ಮೇಲೆ ಎಳ್ಳಷ್ಟೂ ಉಬ್ಬು ಕಾಣದ ಹಾಗೆ ಸವರಿ, ಕೆನೆ ಕಟ್ಟುತ್ತಿದ್ದಂತೆ ತೆಳು ಬೂದು ಬಣ್ಣದಲ್ಲಿ ಬಿಲ್ಡರ್ ಒಪ್ಪಿದ ಖಾಲಿ ಮೂಲೆಯನ್ನು ಎಳೆದಳು. “ಬಿಸಿಲು ಬೀಳೋ ಗೋಡೆಗೇ ಹಾಕಿ ಸರ್, ಕಳೆ ಬರತ್ತೆ,” ಅಂತ ತಾನೇ ಜಾಗ ತೋರಿಸಿಬಂದಳು.

ಕೆಲವು ತಿಂಗಳಲ್ಲಿ ಬೂದು ಬೀದಿ ಬಿರಿಯತೊಡಗಿತು. ಸೀಳಿನೊಳಗಿಂದ ಕೆಂಪು ಇಣುಕಿತು. ಹಜಾರದಲ್ಲಿ ಓಡಾಡುವವರು ನಿಂತು ನೋಡತೊಡಗಿದರು.

ಬಿಲ್ಡರ್ ಕರೆಸಿ ಎಲ್ಲರೆದುರು ಕೂಗಾಡಿದ. “ಏನಮ್ಮಾ ಇದು ಅಸಹ್ಯ? ತೆಗೀರಿ ಅದನ್ನ!”

“ನೀವೇ ತೆಗೀರಿ ಸರ್. ಒಂದು ಬೆರಳು ಸಾಕಲ್ವಾ?”

ಸಿಟ್ಟಿನಲ್ಲಿ ಒರೆಸಿಯೇಬಿಟ್ಟ. ಬೂದು ಸಿಪ್ಪೆ ಉದುರಿತು, ಅರ್ಧ ಕೊಡೆ ಬಿಚ್ಚಿಕೊಂಡಿತು. ಬೆರಳಿಗೆ ಹತ್ತಿದ ಹಸಿ ಕೆಂಪನ್ನು ಗಾಬರಿಯಲ್ಲಿ ಬಿಳಿ ಅಂಗಿಗೆ ಒರೆಸಿಕೊಂಡ. ಯಾರೋ ಕಿಸಕ್ಕೆಂದರು.

“ಅಲ್ಲಿ ಹೊಲಿಯೋಕೆ ಕೂರ್ತಿದ್ದೋಳು ನಮ್ಮಕ್ಕ,” ಅಂದು ಇವಳು ಹೊರಬಿದ್ದಳು.

ಮನೆಯಲ್ಲಿ ಅಕ್ಕ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದಳು: “ಮೆಷಿನ್ ಕಾಣ್ತದೇನೇ?”

“ಇನ್ನೂ ಇಲ್ಲಕ್ಕ. ಅವನು ಇನ್ನೊಂದು ಸಲ ಒರೆಸಲಿ.”